ಎತ್ತರದ ಲೋಟದಲ್ಲಿ ಪಾನಕ ಹೆಚ್ಚು!

ರಾಮನವಮಿಯ ಮಧ್ಯಾಹ್ನ. ಮನೆ ತುಂಬ ನೆಂಟರು. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ ಪಾನಕ ತುಂಬಿಸಿ ಇಬ್ಬರು ಮಕ್ಕಳ ಮುಂದೆ ಇಟ್ಟಿದ್ದಾರೆ. ಅಕ್ಕನಿಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ಬಗ್ಗಿ ನೋಡಿ, ಎರಡೂ ಸಮ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಅಷ್ಟರಲ್ಲಿ ಅತ್ತೆಯೊಬ್ಬರು ಅಕ್ಕನ ಪಾನಕವನ್ನು ಸಪೂರವಾದ, ಎತ್ತರದ ಗಾಜಿನ ಲೋಟಕ್ಕೆ ಸುರಿದುಕೊಡುತ್ತಾರೆ. ತಮ್ಮನ ಮುಖ ಸಣ್ಣದಾಗುತ್ತದೆ. ‘ಅವಳಿಗೇ ಜಾಸ್ತಿ!’

‘ನಿನ್ನ ಕಣ್ಣೆದುರೇ ಸುರಿದದ್ದಲ್ಲವೇನೋ, ಹೊಸದಾಗಿ ಏನಾದರೂ ಹಾಕಿದ್ದಾರಾ?’ ಎಂದು ಅಜ್ಜಿ ಕೇಳುತ್ತಾರೆ. ಹೊಸದಾಗಿ ಹಾಕಿಲ್ಲ ಎಂದು ಅವನೂ ಹೇಳುತ್ತಾನೆ. ಆದರೂ ಅಕ್ಕನದೇ ಜಾಸ್ತಿ. ಅವನಿಗೂ ಎತ್ತರದ ಲೋಟ ಸಿಗುವವರೆಗೆ ರಂಪ ನಿಲ್ಲುವುದಿಲ್ಲ.

ದೊಡ್ಡವರು ಇದನ್ನು ಹಠ ಎನ್ನುತ್ತಾರೆ, ಇಲ್ಲವೇ ‘ಇನ್ನೂ ಬುದ್ಧಿ ಬಂದಿಲ್ಲ’ ಎಂದು ನಕ್ಕು ಸುಮ್ಮನಾಗುತ್ತಾರೆ. ಒಂಬತ್ತರ ಅಕ್ಕನಿಗಂತೂ ತಮ್ಮನ ವಾದ ತಮಾಷೆಯಾಗಿ ಕಾಣುತ್ತದೆ. ನಾಲ್ಕು ವರ್ಷದ ಹಿಂದೆ ತಾನೂ ಹೀಗೇ ವಾದಿಸುತ್ತಿದ್ದೆ ಎಂಬುದು ಅವಳಿಗೆ ನೆನಪಿಲ್ಲ. ಈ ನಾಲ್ಕು ವರ್ಷಗಳಲ್ಲಿ ಅವಳ ತಲೆಯೊಳಗೆ ಏನು ಬದಲಾಯಿತು? ಕಳೆದ ಶತಮಾನದಲ್ಲಿ ಒಬ್ಬ ವಿಜ್ಞಾನಿ ಇಂಥ ಪ್ರಶ್ನೆಗಳಿಗೇ ತಮ್ಮ ಬದುಕನ್ನು ಮುಡಿಪಾಗಿಟ್ಟರು.

ತಪ್ಪು ಉತ್ತರಗಳ ಬೆನ್ನುಹತ್ತಿ

ಡಿ.ಇಡಿ., ಬಿ.ಇಡಿ. ಓದಿದವರಿಗೆ, ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದವರಿಗೆ ಜೀನ್ ಪಿಯಾಜೆ ಎಂಬ ಹೆಸರು ಬಾಯಿಪಾಠ. ನಾಲ್ಕು ಹಂತಗಳ ಹೆಸರು, ವಯಸ್ಸು, ಲಕ್ಷಣಗಳನ್ನು ಬರೆದರೆ ಅಂಕ ಸಿಗುತ್ತದೆ. ಆ ಹಂತಗಳು ಕಂಡುಬಂದ ಬಗೆ ಮಾತ್ರ ಪಠ್ಯಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಸ್ವಾರಸ್ಯದ್ದು.

ಪಿಯಾಜೆ ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ. ಹನ್ನೊಂದರ ಆಸುಪಾಸಿನಲ್ಲಿ ಬಿಳಿ ಗುಬ್ಬಿಯೊಂದನ್ನು ಕಂಡು ಅದರ ಬಗ್ಗೆ ಪುಟ್ಟ ಟಿಪ್ಪಣಿ ಪ್ರಕಟಿಸಿದ ಹುಡುಗ ಅವರು. 1918ರಲ್ಲಿ ಡಾಕ್ಟರೇಟ್ ಪಡೆದದ್ದು ಬಸವನಹುಳುವಿನ ಬಳಗದ ಮೃದ್ವಂಗಿಗಳ ಅಧ್ಯಯನಕ್ಕೆ. ಜೀವಿ ತನ್ನ ಪರಿಸರಕ್ಕೆ ಹೇಗೆ ಹೊಂದಿಕೊಳ್ಳುತ್ತದೆ ಎಂಬ ಕುತೂಹಲ ಅಲ್ಲಿಂದ ಬಂದದ್ದು. ಮುಂದೆ ಮಗುವನ್ನೂ ಅವರು ಅದೇ ಕಣ್ಣಿನಿಂದ ನೋಡಿದರು.

ಆಮೇಲೆ ಅವರು ಪ್ಯಾರಿಸ್‌ಗೆ ಹೋದರು. ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಯನ್ನು ಮೊದಲು ರೂಪಿಸಿದ ಆಲ್ಫ್ರೆಡ್ ಬಿನೆ ಅವರ ಪ್ರಯೋಗಾಲಯವಿದ್ದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಿನೆ ಆಗಲೇ ತೀರಿಕೊಂಡಿದ್ದರು. ಅವರ ಜೊತೆಗಾರ ಥಿಯೊಡೋರ್ ಸಿಮೋನ್ ಉಸ್ತುವಾರಿ ವಹಿಸಿದ್ದರು. ಬಿನೆ ಪರೀಕ್ಷೆ ಮುಂದೆ ನಮ್ಮ ನಾಡಿಗೂ ಬಂತು. ಧಾರವಾಡದಲ್ಲಿ ವಿ.ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ರೂಪಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಯುವಕ ಪಿಯಾಜೆಗೆ ಒಪ್ಪಿಸಿದ ಕೆಲಸ ಸರಳವಾಗಿತ್ತು: ಮಕ್ಕಳಿಗೆ ಪ್ರಶ್ನೆ ಕೇಳಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಎಣಿಸುವುದು. ಅವರ ಗಮನ ನೆಟ್ಟದ್ದು ತಪ್ಪು ಉತ್ತರಗಳ ಮೇಲೆ. ಒಂದೇ ವಯಸ್ಸಿನ ಮಕ್ಕಳು ಒಂದೇ ರೀತಿಯ ತಪ್ಪು ಮಾಡುತ್ತಿದ್ದರು. ವಯಸ್ಸು ಬದಲಾದರೆ ತಪ್ಪಿನ ಬಗೆಯೂ ಬದಲಾಗುತ್ತಿತ್ತು. ಮಕ್ಕಳು ಯದ್ವಾತದ್ವಾ ಊಹಿಸುತ್ತಿಲ್ಲ, ಅವರಿಗೆ ಅವರದೇ ಆದ ತರ್ಕವಿದೆ ಎಂದು ಪಿಯಾಜೆಗೆ ಹೊಳೆಯಿತು.

1921ರಲ್ಲಿ ಅವರು ಜಿನೀವಾದ ರೂಸೋ ಸಂಸ್ಥೆ ಸೇರಿದರು. ಪತ್ನಿ ವ್ಯಾಲೆಂಟೀನ್ ಜೊತೆಗೂಡಿ ತಮ್ಮ ಮೂವರು ಮಕ್ಕಳ ಒಂದೊಂದು ಚಲನೆಯನ್ನೂ ಬರೆದಿಟ್ಟರು. ಜಾಕ್ವೆಲಿನ್, ಲೂಸಿಯೆನ್, ಲೊರಾಂ ಎಂಬ ಆ ಮೂರು ಹಸುಳೆಗಳ ದಿನಚರಿಯೇ ಹಂತಗಳ ಸಿದ್ಧಾಂತದ ಮೊದಲ ಅಧ್ಯಾಯವಾಯಿತು.

ಹುಟ್ಟಿನಿಂದ ಎರಡು: ಕೈ, ಬಾಯಿ, ಕಣ್ಣು

ಮೊದಲ ಎರಡು ವರ್ಷ ಮಗು ಯೋಚಿಸುವುದು ಕೈಕಾಲು, ಕಣ್ಣು, ಬಾಯಿಗಳ ಮೂಲಕ. ಸಿಕ್ಕಿದ್ದನ್ನು ಬಾಯಿಗಿಡುತ್ತದೆ, ಬಡಿಯುತ್ತದೆ, ಬೀಳಿಸುತ್ತದೆ, ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತದೆ. ಅಮ್ಮನಿಗೆ ಬಗ್ಗಿ ಬಗ್ಗಿ ಸೊಂಟನೋವು. ಮಗುವಿಗೆ ಅದು ಪ್ರಯೋಗ. ಕೈ ಬಿಟ್ಟರೆ ಚಮಚ ಎಲ್ಲಿಗೆ ಹೋಗುತ್ತದೆ, ಎಂಥ ಸದ್ದು ಬರುತ್ತದೆ, ಯಾರು ಓಡಿ ಬರುತ್ತಾರೆ ಎಂಬುದನ್ನೆಲ್ಲ ಅದು ಪರೀಕ್ಷಿಸುತ್ತಿರುತ್ತದೆ. ಪಿಯಾಜೆ ಇದನ್ನು ಸಂವೇದನಾ-ಚಾಲಕ ಹಂತ ಎಂದು ಕರೆದರು.

ಈ ಹಂತದ ದೊಡ್ಡ ಗಳಿಕೆ, ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂಬ ಅರಿವು. ಐದು ತಿಂಗಳ ಮಗುವಿನ ಎದುರಿನ ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಅದು ಹುಡುಕಲು ಹೋಗುವುದಿಲ್ಲ. ಎಂಟು ಒಂಬತ್ತು ತಿಂಗಳಿಗೆ ಬಟ್ಟೆ ಎಳೆದು ಹಾಕುತ್ತದೆ. ಸೆರಗಿನಲ್ಲಿ ಮುಖ ಮರೆಸಿ ಮತ್ತೆ ತೋರಿಸುವ ಆಟಕ್ಕೆ ಈ ವಯಸ್ಸಿನ ಮಕ್ಕಳು ಎಷ್ಟು ಸಲವಾದರೂ ನಗುವುದು ಇದೇ ಕಾರಣಕ್ಕೆ: ಮರೆಯಾದ ಮುಖ ಅಲ್ಲೇ ಇದೆ ಎಂಬ ನಿರೀಕ್ಷೆ ಪ್ರತಿ ಸಲವೂ ನಿಜವಾಗುತ್ತದೆ.

ಆದರೂ ಅರಿವು ಒಮ್ಮೆಗೇ ಪೂರ್ಣವಾಗಿ ಬರುವುದಿಲ್ಲ. ಹತ್ತು ತಿಂಗಳ ಜಾಕ್ವೆಲಿನ್ ಎದುರು ಪಿಯಾಜೆ ಗಿಳಿಯ ಬೊಂಬೆಯನ್ನು ಹಾಸಿಗೆಯ ಎಡಬದಿಯಲ್ಲಿ ಎರಡು ಸಲ ಅಡಗಿಸಿದರು. ಎರಡು ಸಲವೂ ಹುಡುಕಿ ತೆಗೆದಳು. ಮೂರನೆಯ ಸಲ, ಅವಳು ನೋಡುತ್ತಿದ್ದಂತೆಯೇ, ಬಲಬದಿಯಲ್ಲಿ ಅಡಗಿಸಿದರು. ಮಗು ಮತ್ತೆ ಎಡಕ್ಕೇ ಕೈಹಾಕಿತು. ಈ ವಿಚಿತ್ರ ತಪ್ಪನ್ನು ಮುಂದೆ ಜಗತ್ತಿನ ಹಲವೆಡೆ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ.

ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಶಕ್ತಿ ಕುಡಿಯೊಡೆಯುತ್ತದೆ. ಮನೆಗೆ ಬಂದ ಪುಟ್ಟ ಹುಡುಗನೊಬ್ಬ ಕಾಲು ಅಪ್ಪಳಿಸಿ ರಂಪ ಮಾಡಿದ್ದನ್ನು ಜಾಕ್ವೆಲಿನ್ ಬೆರಗಿನಿಂದ ನೋಡಿದಳು. ಮರುದಿನ, ಆ ಹುಡುಗನಿಲ್ಲದಿರುವಾಗ, ತಾನೂ ಕಿರುಚಿ ಮೆಲ್ಲಗೆ ಕಾಲು ಅಪ್ಪಳಿಸಿದಳು. ನಿನ್ನೆ ಕಂಡದ್ದು ಇಂದು ಮನಸ್ಸಿನಲ್ಲಿ ಉಳಿದಿದೆ ಎಂದಾಯಿತು. ಮಾತು ಮತ್ತು ನಟನೆಯ ಆಟಗಳು ಶುರುವಾಗುವುದು ಇಲ್ಲಿಂದಲೇ.

ಎರಡರಿಂದ ಏಳು: ಚಂದ್ರ ಹಿಂದೆಯೇ ಬರುತ್ತಾನೆ

ಈಗ ಕಡ್ಡಿ ಕುದುರೆಯಾಗುತ್ತದೆ, ತೆಂಗಿನ ಚಿಪ್ಪು ಪಾತ್ರೆಯಾಗುತ್ತದೆ, ಮಣ್ಣು ಅನ್ನವಾಗುತ್ತದೆ. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಲ್ಲದು ಎಂಬ ಈ ಅರಿವೇ ಮುಂದೆ ಅಕ್ಷರಕ್ಕೂ ಅಂಕಿಗೂ ತಳಹದಿ. ಅಡುಗೆಯಾಟ ಆಡುವ ಮಗು ಕಾಲಹರಣ ಮಾಡುತ್ತಿಲ್ಲ. ಓದು ಬರಹಕ್ಕೆ ಬೇಕಾದ ಮನಸ್ಸನ್ನು ಕಟ್ಟಿಕೊಳ್ಳುತ್ತಿದೆ.

ಈ ವಯಸ್ಸಿಗೆ ಪಿಯಾಜೆ ಇಟ್ಟ ಹೆಸರು ಕಾರ್ಯಪೂರ್ವ ಹಂತ. ಕಲ್ಪನೆ ಗರಿಬಿಚ್ಚಿದೆ, ಆದರೆ ತರ್ಕದ ಹಿಡಿತ ಸಾಲದು. ಜಗತ್ತು ತನಗೆ ಕಾಣುವಂತೆಯೇ ಎಲ್ಲರಿಗೂ ಕಾಣುತ್ತದೆ ಎಂದು ಮಗು ನಂಬುತ್ತದೆ. ಫೋನಿನಲ್ಲಿ ‘ಊಟ ಆಯ್ತಾ?’ ಎಂದು ಕೇಳಿದರೆ ಸುಮ್ಮನೆ ತಲೆಯಾಡಿಸುತ್ತದೆ. ರಾತ್ರಿ ಬಸ್ಸಿನ ಕಿಟಕಿಯಿಂದ ನೋಡಿ, ಚಂದ್ರ ತನ್ನ ಹಿಂದೆಯೇ ಬರುತ್ತಿದ್ದಾನೆ ಎನ್ನುತ್ತದೆ. ಎಡವಿದ ಕಲ್ಲಿಗೆ ಹೊಡೆದು ಸೇಡು ತೀರಿಸಿಕೊಳ್ಳುತ್ತದೆ, ಏಕೆಂದರೆ ಕಲ್ಲಿಗೂ ಜೀವವಿದೆ, ಮನಸ್ಸಿದೆ.

ಇಲ್ಲಿನ ಇನ್ನೊಂದು ಮಿತಿಯೆಂದರೆ, ಕಣ್ಣಿಗೆ ಎದ್ದು ಕಾಣುವ ಒಂದೇ ಗುಣದ ಮೇಲೆ ಗಮನ ನಿಲ್ಲುವುದು. ಪಾನಕದ ಎತ್ತರ ಕಾಣುತ್ತದೆ. ಲೋಟ ಸಪೂರವಾಯಿತು ಎಂಬುದನ್ನು ಅದೇ ಹೊತ್ತಿಗೆ ಲೆಕ್ಕಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಸುರಿದದ್ದನ್ನು ಮನಸ್ಸಿನಲ್ಲೇ ಮತ್ತೆ ಹಳೆಯ ಲೋಟಕ್ಕೆ ಸುರಿದು ನೋಡಲೂ ಆಗುವುದಿಲ್ಲ. ಏಳು ಸೇವಂತಿಗೆ, ಮೂರು ಗುಲಾಬಿ ಮುಂದಿಟ್ಟು ‘ಸೇವಂತಿಗೆ ಹೆಚ್ಚೋ, ಹೂವು ಹೆಚ್ಚೋ?’ ಎಂದು ಕೇಳಿದರೆ ಐದು ವರ್ಷದ ಮಗು ‘ಸೇವಂತಿಗೆ’ ಎನ್ನುತ್ತದೆ. ಭಾಗವನ್ನೂ ಇಡಿಯನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವುದು ಅದಕ್ಕಿನ್ನೂ ಕಷ್ಟ.

ಏಳರಿಂದ ಹನ್ನೊಂದು: ಕೈಗೆ ಸಿಕ್ಕರೆ ತರ್ಕ ಗಟ್ಟಿ

ಏಳರ ಸುತ್ತಮುತ್ತ ಬದಲಾವಣೆ ಎದ್ದು ಕಾಣುತ್ತದೆ. ‘ಲೋಟ ಎತ್ತರ, ಆದರೆ ಸಪೂರ, ವಾಪಸ್ ಸುರಿದರೆ ಅಷ್ಟೇ ಇರುತ್ತೆ’ ಎಂದು ಮಗು ಕಾರಣ ಕೊಡುತ್ತದೆ. ಕಡ್ಡಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತದೆ. ಒಂದೇ ರಾಶಿಯನ್ನು ಬಣ್ಣದ ಪ್ರಕಾರವೂ ಆಕಾರದ ಪ್ರಕಾರವೂ ಬೇರೆ ಬೇರೆಯಾಗಿ ವಿಂಗಡಿಸುತ್ತದೆ. ಇದು ಮೂರ್ತ ಕಾರ್ಯಗಳ ಹಂತ. ನೋಡಲು, ಮುಟ್ಟಲು ಸಿಗುವ ವಸ್ತುಗಳಿದ್ದರೆ ತರ್ಕ ಗಟ್ಟಿಯಾಗಿ ನಿಲ್ಲುತ್ತದೆ.

ಆಟದ ನಿಯಮಗಳ ಮೇಲೆ ಮಕ್ಕಳಿಗೆ ಹುಚ್ಚು ಪ್ರೀತಿ ಹುಟ್ಟುವ ಕಾಲವೂ ಇದೇ. ಲಗೋರಿ, ಕುಂಟೆಬಿಲ್ಲೆ, ಚೌಕಾಬಾರ ಆಡುವಾಗ ಆಟಕ್ಕಿಂತ ಹೆಚ್ಚು ಹೊತ್ತು ನಿಯಮದ ಜಗಳಕ್ಕೆ ಹೋಗುತ್ತದೆ. ಪಿಯಾಜೆ ಸ್ವತಃ ಗೋಲಿಯಾಡುವ ಹುಡುಗರ ಜೊತೆ ನೆಲದ ಮೇಲೆ ಕೂತು ‘ನನಗೂ ಆಟ ಹೇಳಿಕೊಡಿ’ ಎಂದು ಕೇಳಿ ಕಲಿತರು. 1932ರಲ್ಲಿ ಬಂದ, ಮಕ್ಕಳ ನೈತಿಕ ತೀರ್ಮಾನಗಳ ಕುರಿತ ಅವರ ಪುಸ್ತಕ ಶುರುವಾಗುವುದೇ ಗೋಲಿಯಾಟದಿಂದ. ನಿಯಮವೆಂದರೆ ದೊಡ್ಡವರು ಇಟ್ಟುಹೋದ, ಬದಲಿಸಲಾಗದ ಕಟ್ಟಳೆ ಎಂದು ಚಿಕ್ಕವರು ನಂಬಿದ್ದರು. ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂಬುದು ಹತ್ತು ದಾಟಿದವರಿಗೆ ಗೊತ್ತಿತ್ತು.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಶ್ನೆಯಿದೆ. ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿ ಹದಿನೈದು ಕಪ್ ಒಡೆದ. ಇನ್ನೊಬ್ಬ ಕದ್ದು ಜಾಮ್ ತಿನ್ನಲು ಹೋಗಿ ಒಂದು ಕಪ್ ಒಡೆದ. ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳು ಹದಿನೈದು ಒಡೆದವನ ಕಡೆ ಬೊಟ್ಟು ಮಾಡಿದರು. ದೊಡ್ಡ ಮಕ್ಕಳು ಉದ್ದೇಶವನ್ನು ತೂಗಿ ನೋಡಿದರು. ನ್ಯಾಯದ ಅರಿವು ಕೂಡ ಬುದ್ಧಿಯ ಜೊತೆಜೊತೆಗೇ ಬೆಳೆಯುತ್ತದೆ.

ಹನ್ನೊಂದರ ಮೇಲೆ: ಹೀಗಿದ್ದರೆ ಹೇಗೆ?

ಹನ್ನೊಂದು ಹನ್ನೆರಡರ ಹೊತ್ತಿಗೆ ಇಲ್ಲದ್ದನ್ನು, ಆಗದ್ದನ್ನು ಊಹಿಸಿ ತರ್ಕಿಸುವ ಶಕ್ತಿ ಬರುತ್ತದೆ. ಬೀಜಗಣಿತದ ‘ಎಕ್ಸ್’ ಅರ್ಥವಾಗುವುದು ಈಗ. ಪಿಯಾಜೆ ಅವರ ಸಹೋದ್ಯೋಗಿ ಬಾರ್ಬೆಲ್ ಇನ್ಹೆಲ್ಡರ್ ಈ ಹಂತವನ್ನು ತಿಳಿಯಲು ಮಕ್ಕಳ ಕೈಗೆ ದಾರ, ತೂಕದ ಕಲ್ಲುಗಳನ್ನು ಕೊಟ್ಟರು. ಲೋಲಕದ ತೂಗಾಟದ ವೇಗ ಯಾವುದನ್ನು ಅವಲಂಬಿಸಿದೆ: ದಾರದ ಉದ್ದವನ್ನೋ, ಕಲ್ಲಿನ ಭಾರವನ್ನೋ, ತಳ್ಳುವ ಬಲವನ್ನೋ? ಚಿಕ್ಕ ಮಕ್ಕಳು ಎಲ್ಲವನ್ನೂ ಒಟ್ಟಿಗೆ ಬದಲಿಸಿ ಗೊಂದಲಕ್ಕೆ ಬಿದ್ದರು. ಹದಿಹರೆಯದವರು ಒಂದನ್ನು ಬದಲಿಸುವಾಗ ಉಳಿದವನ್ನು ಹಾಗೇ ಇಟ್ಟು, ಉದ್ದವೇ ಕಾರಣ ಎಂದು ಕಂಡುಕೊಂಡರು.

ಇದು ಔಪಚಾರಿಕ ಕಾರ್ಯಗಳ ಹಂತ. ಹದಿಹರೆಯದವರು ಪ್ರತಿ ಮಾತಿಗೂ ‘ಯಾಕೆ ಹೀಗೇ ಇರಬೇಕು?’ ಎಂದು ಎದುರು ಕೇಳುವುದರ ಹಿಂದೆಯೂ ಈ ಹೊಸ ಶಕ್ತಿಯಿದೆ. ಇರುವ ಮನೆ, ಇರುವ ಸಮಾಜವನ್ನು ಇರಬಹುದಾದ ಮನೆ, ಇರಬಹುದಾದ ಸಮಾಜದೊಂದಿಗೆ ಅವರು ಹೋಲಿಸತೊಡಗಿರುತ್ತಾರೆ. ಎಲ್ಲರೂ ಎಲ್ಲ ವಿಷಯದಲ್ಲೂ ಈ ಮಟ್ಟ ಮುಟ್ಟುವುದಿಲ್ಲ. ತಾವು ಪಳಗಿದ ಕ್ಷೇತ್ರದಲ್ಲಿ ಮುಟ್ಟುತ್ತಾರೆ ಎಂದು 1972ರಲ್ಲಿ ಪಿಯಾಜೆಯೇ ತಮ್ಮ ಮಾತನ್ನು ತಿದ್ದಿಕೊಂಡರು.

ಒಂದರಿಂದ ಇನ್ನೊಂದಕ್ಕೆ ದಾಟುವುದು ಹೇಗೆ?

ನಾಲ್ಕು ಕಾಲಿನದ್ದೆಲ್ಲ ‘ಬೌಬೌ’ ಎಂದು ತಿಳಿದಿರುವ ಮಗು ಮೇಕೆಯನ್ನೂ ಹಾಗೇ ಕರೆಯುತ್ತದೆ. ಹೊಸದನ್ನು ಹಳೆಯ ತಿಳಿವಳಿಕೆಯೊಳಗೆ ಸೇರಿಸುವ ಕೆಲಸ ಇದು. ಮೇಕೆ ಬೊಗಳುವುದಿಲ್ಲ, ಸೊಪ್ಪು ತಿನ್ನುತ್ತದೆ, ತಲೆ ಮೇಲೆ ಕೊಂಬಿದೆ. ಹಳೆಯ ತಿಳಿವಳಿಕೆ ಸಾಲದೆಂದು ಗೊತ್ತಾದಾಗ ಮಗು ಅದನ್ನೇ ಬದಲಿಸಿಕೊಳ್ಳುತ್ತದೆ. ಈ ಎರಡು ಕೆಲಸಗಳ ಎಳೆದಾಟದಲ್ಲಿ ಬುದ್ಧಿ ಬೆಳೆಯುತ್ತದೆ ಎಂಬುದು ಪಿಯಾಜೆ ಅವರ ತಿಳಿವಳಿಕೆ. ಹೊರಗಿನಿಂದ ತುಂಬಿದ ಉತ್ತರ ನಿಲ್ಲುವುದಿಲ್ಲ. ಮಗು ತಾನೇ ಮುಗ್ಗರಿಸಿ, ಗೊಂದಲಪಟ್ಟು, ಮತ್ತೆ ಕಟ್ಟಿಕೊಂಡದ್ದು ಉಳಿಯುತ್ತದೆ.

ಮಗು ಇನ್ನೂ ಜಾಣ

1980ರಲ್ಲಿ ಪಿಯಾಜೆ ತೀರಿಕೊಳ್ಳುವ ಮೊದಲೇ ಅವರ ಲೆಕ್ಕಾಚಾರದ ಮರುಪರೀಕ್ಷೆ ಶುರುವಾಗಿತ್ತು. ಹಂತಗಳ ಕ್ರಮ ಬಹುಮಟ್ಟಿಗೆ ಉಳಿಯಿತು. ವಯಸ್ಸಿನ ಗಡಿಗಳು ಮಾತ್ರ ಸಡಿಲವಾದವು.

ಹುಡುಕಲು ಕೈಚಾಚದ ಶಿಶುವಿಗೆ ವಸ್ತುವಿನ ಇರುವಿಕೆ ಗೊತ್ತಿಲ್ಲವೇ? ಅಮೆರಿಕದ ರೆನೆ ಬೈಯಾರ್ಜಾನ್ ಕೈಯ ಬದಲು ಕಣ್ಣನ್ನು ಗಮನಿಸಿದರು. ಪೆಟ್ಟಿಗೆಯೊಂದನ್ನು ಮರೆಮಾಡಿದ ಹಲಗೆ, ಆ ಪೆಟ್ಟಿಗೆ ಅಲ್ಲಿಲ್ಲವೇ ಇಲ್ಲ ಎಂಬಂತೆ ಪೂರ್ತಿ ಹಿಂದಕ್ಕೆ ಮಲಗುವ ದೃಶ್ಯವನ್ನು ನಾಲ್ಕೂವರೆ ತಿಂಗಳ ಶಿಶುಗಳಿಗೆ ತೋರಿಸಿದರು. ಆಗಬಾರದ್ದು ಆದಂತೆ ಶಿಶುಗಳು ಅದನ್ನು ಹೆಚ್ಚು ಹೊತ್ತು ದಿಟ್ಟಿಸಿದವು. 1987ರ ಈ ವರದಿ ಶಿಶುವಿನ ಬಗೆಗಿನ ನೋಟವನ್ನೇ ಬದಲಿಸಿತು. ಜಾಕ್ವೆಲಿನ್ ಮಾಡಿದ ತಪ್ಪಿಗೂ ಏಡೆಲ್ ಡೈಮಂಡ್ ಬೇರೆ ವಿವರಣೆ ಕೊಟ್ಟರು: ರೂಢಿಯಾದ ಚಲನೆಯನ್ನು ತಡೆಯಬೇಕಾದ, ಹಣೆಯ ಹಿಂದಿನ ಮಿದುಳಿನ ಭಾಗ ಆ ವಯಸ್ಸಿಗೆ ಇನ್ನೂ ಬಲಿತಿರುವುದಿಲ್ಲ.

ಕೇಳುವ ರೀತಿಯೂ ಮುಖ್ಯ ಎಂದು ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ 1978ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಬೆಟ್ಟದ ಮಾದರಿಯೊಂದನ್ನು ಇಟ್ಟು ‘ಎದುರಿನ ಗೊಂಬೆಗೆ ಏನು ಕಾಣುತ್ತದೆ?’ ಎಂದು ಪಿಯಾಜೆ ಕೇಳಿದಾಗ ಚಿಕ್ಕ ಮಕ್ಕಳು ಸೋತಿದ್ದರು. ‘ಪೊಲೀಸನಿಗೆ ಕಾಣದಂತೆ ಹುಡುಗನನ್ನು ಬಚ್ಚಿಡು’ ಎಂದು ಮಾರ್ಟಿನ್ ಹ್ಯೂಸ್ ಕೇಳಿದಾಗ ಮೂರೂವರೆಯಿಂದ ಐದು ವರ್ಷದವರು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಬಚ್ಚಿಟ್ಟರು. ಬೆಟ್ಟದ ನೋಟ ಮಕ್ಕಳಿಗೆ ಒಗಟು. ಬಚ್ಚಿಟ್ಟುಕೊಳ್ಳುವುದು ಅವರ ದಿನನಿತ್ಯದ ಆಟ.

ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿ, 1934ರಲ್ಲಿ ಕ್ಷಯಕ್ಕೆ ಬಲಿಯಾದ ರಷ್ಯಾದ ಲೆವ್ ವೈಗೋಟ್‌ಸ್ಕಿ ಇನ್ನೊಂದು ಕೊರತೆಯತ್ತ ಬೊಟ್ಟು ಮಾಡಿದರು. ಮಗು ಒಂಟಿ ವಿಜ್ಞಾನಿಯಲ್ಲ, ದೊಡ್ಡವರ ಜೊತೆ ಸೇರಿ ಕಲಿಯುತ್ತದೆ ಎಂಬುದು ಅವರ ವಾದ. ಇಂದು ನೆರವಿನಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ. ಅಜ್ಜಿಯ ಪಕ್ಕ ಕೂತು ಚೌಕಾಬಾರದ ಮನೆ ಎಣಿಸುವ ಮಗುವನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಕುಂಬಾರರ ಮಕ್ಕಳು, ಸಂತೆಯ ಮಕ್ಕಳು

ಬದುಕಿನ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಮಣ್ಣಿನ ಉಂಡೆಯನ್ನು ಲಟ್ಟಿಸಿದರೂ ಮಣ್ಣು ಅಷ್ಟೇ ಇರುತ್ತದೆ ಎಂಬ ಅರಿವು ಮೆಕ್ಸಿಕೊದ ಕುಂಬಾರರ ಮಕ್ಕಳಲ್ಲಿ ಇತರರಿಗಿಂತ ಹೆಚ್ಚಾಗಿತ್ತು ಎಂದು 1969ರ ಅಧ್ಯಯನವೊಂದು ಹೇಳಿತು. ಕೈಗೆ ಮಣ್ಣಿನ ಪರಿಚಯವಿದ್ದ ಕಡೆ ಬುದ್ಧಿ ಬೇಗ ಮಾಗಿತ್ತು.

ನಮ್ಮ ದೇಶದ ಉದಾಹರಣೆ ಇನ್ನೂ ತೀಕ್ಷ್ಣವಾಗಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತು ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಗಮನಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ತೂಕ, ಬೆಲೆ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಹೇಳುವ ಆ ಮಕ್ಕಳು ಪಠ್ಯಪುಸ್ತಕದ ಶೈಲಿಯ ಲೆಕ್ಕದಲ್ಲಿ ತೊಡರಿದರು. ಪುಸ್ತಕದ ಲೆಕ್ಕದಲ್ಲಿ ಮುಂದಿದ್ದ ಶಾಲಾಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು. ಎರಡನ್ನೂ ಬೆಸೆಯುವ ಕೆಲಸವನ್ನು ನಮ್ಮ ಶಾಲೆಗಳು ಮಾಡುತ್ತಿಲ್ಲ.

ಅವಸರದ ಬೆಲೆ

ಹಂತಗಳನ್ನು ಬೇಗ ದಾಟಿಸಲು ಆಗುವುದಿಲ್ಲವೇ ಎಂದು ಅಮೆರಿಕದ ಸಭಿಕರು ಪದೇ ಪದೇ ಕೇಳುತ್ತಿದ್ದುದರಿಂದ ಪಿಯಾಜೆ ಅದಕ್ಕೆ ‘ಅಮೆರಿಕನ್ ಪ್ರಶ್ನೆ’ ಎಂದೇ ಹೆಸರಿಟ್ಟಿದ್ದರು. ಇಂದು ಅದು ನಮ್ಮ ಪ್ರಶ್ನೆಯೂ ಹೌದು. ಒಂದನೇ ತರಗತಿ ಸೇರಲು ಆರು ವರ್ಷ ತುಂಬಿರಬೇಕು ಎಂಬ ನಿಯಮ ಬಂದಾಗ ಕರ್ನಾಟಕದಲ್ಲಿ ಕೆಲವೇ ತಿಂಗಳು ಕಡಿಮೆಯಿದ್ದ ಮಕ್ಕಳ ಪೋಷಕರು ವಿನಾಯಿತಿಗಾಗಿ ಒತ್ತಾಯಿಸಿದರು. ಒಂದು ವರ್ಷ ‘ಹಾಳಾಗುತ್ತದೆ’ ಎಂಬ ಅವರ ಆತಂಕ ನಿಜವಾದದ್ದೇ. ಆದರೆ ಈ ವಯಸ್ಸಿನಲ್ಲಿ ಆಟದಲ್ಲಿ ಕಳೆದ ವರ್ಷ ಹಾಳಾಗುವುದಿಲ್ಲ. ನಾಲ್ಕರ ಮಗುವಿಗೆ ನೂರರವರೆಗೆ ಬರೆಸುವಾಗ ಬಾಯಿಪಾಠ ಬರುತ್ತದೆ, ಸಂಖ್ಯೆಯ ಅರಿವು ಬಂದಿರುವುದಿಲ್ಲ.

ನಮ್ಮಲ್ಲೇ ಒಳ್ಳೆಯ ಮಾದರಿಯೂ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಸರ್ಕಾರಿ ಶಾಲೆಯ ಶಿಕ್ಷಕರು ಆರಂಭಿಸಿದ ನಲಿ-ಕಲಿ ಮುಂದೆ ರಾಜ್ಯವ್ಯಾಪಿಯಾಯಿತು. ಅಲ್ಲಿ ಮಗು ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಮುಂದೆ ಸಾಗುತ್ತದೆ; ಶಿಕ್ಷಕರ ನೆರವಿನಿಂದ, ಗೆಳೆಯರ ನೆರವಿನಿಂದ, ಕೊನೆಗೆ ಸ್ವಂತವಾಗಿ ಕಲಿಯುತ್ತದೆ. ಪಿಯಾಜೆ ಮತ್ತು ವೈಗೋಟ್‌ಸ್ಕಿ ಇಬ್ಬರ ಚಿಂತನೆಯೂ ಹಳ್ಳಿಯ ತರಗತಿಯಲ್ಲಿ ಒಂದಾದ ಅಪರೂಪದ ಪ್ರಯತ್ನವಿದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿ, ಆಟದ ಮೂಲಕ ಕಲಿಕೆಗೆ ಒತ್ತು ನೀಡಿದೆ.

ಮನೆಯಲ್ಲಿ ಏನು ಮಾಡಬಹುದು?

ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. ನೀರು, ಮರಳು, ಮಡಕೆ, ಲೋಟ ಕೊಟ್ಟು ಸುರಿಯಲು ಬಿಡಿ. ಅಂಕಿ ಬರೆಸುವ ಮೊದಲು ಹುಣಸೆಬೀಜ ಎಣಿಸಲಿ, ಹಂಚಲಿ, ಜೋಡಿಸಲಿ. ಒಗೆದ ಬಟ್ಟೆಯನ್ನು ಯಾರದ್ದು ಯಾವುದೆಂದು ವಿಂಗಡಿಸಲಿ. ಅಂಗಡಿಗೆ ಕರೆದೊಯ್ದು ಚಿಲ್ಲರೆ ಎಣಿಸಲು ಹೇಳಿ. ಹೇಳಿದ ಕಥೆಯನ್ನೇ ಮತ್ತೆ ಕೇಳಿದರೆ ಬೇಸರಿಸದೆ ಹೇಳಿ.

ಪುಸ್ತಕದಲ್ಲಿರುವ ವಯಸ್ಸುಗಳು ಸರಾಸರಿ ಮಾತ್ರ. ಪಕ್ಕದ ಮನೆಯ ಮಗು ಬೇಗ ಮುಂದೆ ಹೋಯಿತೆಂದು ಕಂಗಾಲಾಗಬೇಕಿಲ್ಲ. ಆದರೆ ಶಬ್ದಕ್ಕೆ ಸ್ಪಂದಿಸದಿದ್ದರೆ, ಕಣ್ಣಿಗೆ ಕಣ್ಣು ಕೊಟ್ಟು ನೋಡದಿದ್ದರೆ, ಮಾತು ತೀರ ತಡವಾದರೆ ‘ಆಮೇಲೆ ಸರಿಹೋಗುತ್ತೆ’ ಎಂದು ಕಾಯದೆ ಮಕ್ಕಳ ವೈದ್ಯರನ್ನು ಕಾಣಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ಅಭ್ಯಾಸವನ್ನು ಇಂದಿನಿಂದಲೇ ಶುರುಮಾಡಬಹುದು. ಮಗು ತಪ್ಪು ಉತ್ತರ ಹೇಳಿದಾಗ ತಿದ್ದುವ ಮೊದಲು ‘ನಿನಗೆ ಯಾಕೆ ಹಾಗೆ ಅನ್ನಿಸಿತು?’ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಮಗು ಇಂದು ಎಲ್ಲಿದೆ, ಮುಂದಿನ ಹೆಜ್ಜೆಗೆ ಎಂಥ ನೆರವು ಬೇಕು ಎಂಬುದನ್ನು ಯಾವ ಅಂಕಪಟ್ಟಿಗಿಂತಲೂ ಸ್ಪಷ್ಟವಾಗಿ ಆ ಉತ್ತರವೇ ನಿಮಗೆ ತಿಳಿಸುತ್ತದೆ.